ಪಡು ಗೋಡೆಯ ಐದು ಕಿಟಕಿಗಳು: ಒಂದು ಮಳೆಗಾಲ ಕಳೆದ ಮೇಲೆ

ಕಳೆದ ಮೇ ತಿಂಗಳಲ್ಲಿ ನಮ್ಮ ಮನೆಯ ಪಡು ಗೋಡೆಯ ಐದು ಮರದ ಕಿಟಕಿಗಳನ್ನು ತೆಗೆಸಿ ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿಗಳನ್ನು ಹಾಕಿಸಿದೆವು. ಕೆಲಸ ಮುಗಿದ ದಿನವೇ ಕಿಟಕಿ ತಯಾರಿಸಿ ಕೂರಿಸಿದ ಘಟಕದ ಹುಡುಗ, "ಟೀಚರ್, ನಮ್ಮ ಬಗ್ಗೆ ನಾಲ್ಕು ಸಾಲು ಬರೆಯಿರಿ" ಎಂದು ಕೇಳಿದ್ದ. ಮಳೆ ಜೋರಿರುವ ಆಟಿ ತಿಂಗಳು ಕಳೆಯಲಿ, ಆಮೇಲೆ ಬರೆಯುತ್ತೇನೆ ಎಂದು ಹೇಳಿ ಕಳುಹಿಸಿದ್ದೆ. ಈಗ ಆಟಿಯೂ ಕಳೆದಿದೆ, ದೀಪಾವಳಿಯೂ ಕಳೆದಿದೆ. ಹೊಳೆಯ ನೀರು ತಿಳಿಯಾಗಿದೆ. ಕರಾವಳಿಯಲ್ಲಿ ಹೊಸ ಕಿಟಕಿಯ ಬಗ್ಗೆ ಮಾತಾಡಲು ಇದೇ ಸರಿಯಾದ ಕಾಲ.

ನಮ್ಮ ಮನೆ ಉಡುಪಿಯ ಕಿದಿಯೂರಿನಲ್ಲಿದೆ. ಪಶ್ಚಿಮಕ್ಕೆ ನಮ್ಮದೇ ಹದಿನಾಲ್ಕು ತೆಂಗಿನ ಮರಗಳು, ಅದರಾಚೆ ಹೊಳೆ, ಹೊಳೆಯಾಚೆ ಪಡುಕೆರೆಯ ಮರಳಿನ ಪಟ್ಟಿ, ಆಮೇಲೆ ಕಡಲು. ಗಾಳಿಗೆ ಅಡ್ಡ ನಿಲ್ಲುವಂಥದ್ದು ನಡುವೆ ಏನೂ ಇಲ್ಲ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ಇದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಅದೂ ನೇರವಾಗಿ ಬೀಳುವುದಿಲ್ಲ, ಪಡು ಗಾಳಿಯ ಬೆನ್ನೇರಿ ಓರೆಯಾಗಿ ಗೋಡೆಗೇ ಬಡಿಯುತ್ತದೆ. ಹಿಂದೆ ಮಳೆಗಾಲ ಬಂತೆಂದರೆ ಪಡು ಜಗಲಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದದ್ದು ಅದಕ್ಕೇ.

ಮನೆಯನ್ನು ನಮ್ಮ ಮಾವನವರು 1974ರಲ್ಲಿ ಕಟ್ಟಿಸಿದರು. ಕೆಂಪು ಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು. ಎಂಟು ಕಿಟಕಿಗಳಿಗೂ ಬೋಗಿ ಮರದ ದಾರಂದ (ಚೌಕಟ್ಟು), ಹಲಸಿನ ಬಾಗಿಲು, ಕಬ್ಬಿಣದ ಸರಳು. ಮೂರು ಕಿಟಕಿ ಮೂಡಕ್ಕೆ, ಐದು ಪಡುವಿಗೆ. ಒಂದೇ ಆಚಾರಿ, ಒಂದೇ ಮರ, ಒಂದೇ ವರ್ಷದ ಕೆಲಸ. ಮೂಡಿನ ಮೂರು ಇವತ್ತಿಗೂ ಗಟ್ಟಿಯಾಗಿವೆ. ಪಡುವಿನ ಐದೂ ಕುಂಬಾಗಿದ್ದವು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಹಾದುಹೋದಾಗ ನಡುಕೋಣೆಯ ಕಿಟಕಿಯ ಒಂದು ಬಾಗಿಲು ಬಿಜಾಗರಿ ಸಮೇತ ಕಿತ್ತು ಅಂಗಳಕ್ಕೆ ಬಿದ್ದಿತ್ತು. ಸ್ಕ್ರೂ ಹಿಡಿದುಕೊಳ್ಳಲು ಅಲ್ಲಿ ಮರವೇ ಉಳಿದಿರಲಿಲ್ಲ, ಒದ್ದೆ ಹುಡಿ ಮಾತ್ರ ಇತ್ತು. ಆಮೇಲಿನ ಮಳೆಗಾಲಗಳನ್ನೆಲ್ಲ ಟಾರ್ಪಾಲು ಕಟ್ಟಿ ಕಳೆದೆವು.

ಕೊನೆಗೆ ನಮ್ಮ ಮನೆಗೆ ಮೊದಲಿನಿಂದ ಬರುವ ಆಚಾರಿಯವರನ್ನು ಕರೆಸಿದೆ. ಎಪ್ಪತ್ತು ದಾಟಿದ ಹಿರಿಯರು. ಈ ಕಿಟಕಿಗಳನ್ನು ಮಾಡಿದ್ದು ಅವರ ತಂದೆ. ಅವರು ಸ್ಕ್ರೂಡ್ರೈವರಿನ ತುದಿಯಿಂದ ಒಂದೊಂದೇ ದಾರಂದವನ್ನು ಒತ್ತುತ್ತಾ ಹೋದರು. ಪಡು ಗೋಡೆಯಲ್ಲಿ ಅದು ಬೆಣ್ಣೆಗೆ ಹೋದ ಹಾಗೆ ಒಳಗೆ ಹೋಯಿತು. ಮೂಡು ಗೋಡೆಯಲ್ಲಿ ತುದಿ ಜಾರಿತು. ಆಮೇಲೆ ಅಂಗಳಕ್ಕಿಳಿದು ಮೇಲೆ ನೋಡಿ, "ಟೀಚರೇ, ಇದರಲ್ಲಿ ಮರದ ತಪ್ಪಿಲ್ಲ. ಇದರ ಕೊಡೆಯನ್ನು ನೀವು ತೆಗೆಸಿದ್ದೀರಿ" ಎಂದರು.

ಅವರ ಮಾತು ನಿಜ. 1991ರಲ್ಲಿ ಪಡು ಭಾಗದ ಕೋಣೆಗಳಿಗೆ ತಾರಸಿ ಹಾಕಿಸುವಾಗ ಮೂರು ಅಡಿ ಚಾಚಿದ್ದ ಹೆಂಚಿನ ಮಾಡನ್ನು ಇಳಿಸಿ, ಅದರ ಬದಲಿಗೆ ಒಂದೂವರೆ ಅಡಿಯ ಕಾಂಕ್ರೀಟ್ ಸನ್‌ಶೇಡ್ ಕೊಟ್ಟಿದ್ದರು. ಅಲ್ಲಿಂದ ಮುಂದೆ ಆ ಐದು ಕಿಟಕಿಗಳು ಮಳೆಗೆ ನೇರವಾಗಿ ಮುಖ ಕೊಟ್ಟು ನಿಂತವು. ಮಾಡಿನ ಅಡಿಯಲ್ಲಿದ್ದ ಹದಿನೇಳು ವರ್ಷ ಅವುಗಳಿಗೆ ಏನೂ ಆಗಿರಲಿಲ್ಲ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನನಗೆ ಈ ಸರಳ ಕಾರಣ ಕಣ್ಣಿಗೆ ಬಿದ್ದಿರಲಿಲ್ಲ ಎಂಬುದು ಅಂದು ಬಹಳ ನೋಯಿಸಿತು.

ತೇಗದಲ್ಲೇ ಮಾಡಿಸಿದರೆ ಎಷ್ಟಾಗುತ್ತದೆ ಎಂದು ಕೇಳಿದೆ. ಒಳ್ಳೆಯ ಮರದಲ್ಲಿ ಐದು ಕಿಟಕಿಗೆ ಎರಡು ಲಕ್ಷ ದಾಟುತ್ತದೆ, ಆ ಗೋಡೆಗಾದರೆ ನಾನೇ ಬೇಡ ಎನ್ನುತ್ತೇನೆ ಎಂದರು ಆಚಾರಿ. ತಮ್ಮ ಕೈಗೆ ಬರಬಹುದಾದ ಕೆಲಸವನ್ನು ಹಾಗೆ ಬಿಟ್ಟುಕೊಡುವವರು ಈಗ ಅಪರೂಪ.

ಅಲ್ಯೂಮಿನಿಯಂ ಯೋಚನೆಯನ್ನು ನಾನು ಬೇಗ ಕೈಬಿಟ್ಟೆ. ಕಡಲಿಗೆ ಇನ್ನೂ ಹತ್ತಿರ ಇರುವ ನಮ್ಮ ನೆಂಟರ ಮನೆಯಲ್ಲಿ ಬಣ್ಣ ಲೇಪಿಸಿದ ಅಲ್ಯೂಮಿನಿಯಂ ಕಿಟಕಿಗಳಿವೆ. ಸ್ಕ್ರೂ ಇರುವ ಕಡೆಯಲ್ಲೆಲ್ಲ ಬಣ್ಣ ಬೊಕ್ಕೆಯಾಗಿ ಎದ್ದು, ಅಡಿಯಲ್ಲಿ ಬಿಳಿ ಹುಡಿ ಕೂತಿದೆ. ಕಬ್ಬಿಣದ ಸ್ಕ್ರೂ ಮತ್ತು ಅಲ್ಯೂಮಿನಿಯಂ ನಡುವೆ ಉಪ್ಪು ನೀರು ಸೇರಿದರೆ ಅದೊಂದು ಪುಟ್ಟ ವಿದ್ಯುತ್ ಕೋಶವಾಗುತ್ತದೆ. ಆ ಕೋಶದಲ್ಲಿ ಸವೆಯುವುದು ಅಲ್ಯೂಮಿನಿಯಂ. ದಪ್ಪ ಲೇಪನ, ಒಳ್ಳೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೆ ಬಾಳಿಕೆ ಬಂದೀತು. ಆದರೆ ಆ ಬೊಕ್ಕೆಗಳನ್ನು ನೋಡಿದ ಮೇಲೆ ನನಗೆ ಧೈರ್ಯ ಬರಲಿಲ್ಲ.

ಉಳಿದದ್ದು ಯುಪಿವಿಸಿ. ನೀರಿನ ಪೈಪಿನ ಬಂಧುವೇ ಇದು. ಪ್ಲಾಸ್ಟಿಕ್ಕನ್ನು ಮೆದುಗೊಳಿಸುವ ದ್ರವ್ಯ ಸೇರಿಸಿರುವುದಿಲ್ಲ, ಬಿಸಿಲಿಗೆ ಹಾಳಾಗದಂತೆ ಟೈಟಾನಿಯಂ ಡೈಆಕ್ಸೈಡ್ ಸೇರಿಸಿರುತ್ತಾರೆ. ಗೆದ್ದಲು ತಿನ್ನುವುದಿಲ್ಲ, ಉಪ್ಪಿಗೆ ಜಗ್ಗುವುದಿಲ್ಲ. ಆದರೆ ಅದಷ್ಟಕ್ಕೇ ಅದು ಬಲವಾದದ್ದಲ್ಲ. ಪಟ್ಟಿಯ ಒಳಗಿನ ಟೊಳ್ಳಿನಲ್ಲಿ ಸತು ಲೇಪಿಸಿದ ಉಕ್ಕಿನ ಸರಳು ಕೂರಿಸಿದ್ದರೆ ಮಾತ್ರ ದೊಡ್ಡ ಕಿಟಕಿ ಗಾಳಿಗೆ ಬಾಗದೆ ನಿಲ್ಲುತ್ತದೆ. ನಾನು ಹೋದ ಮೊದಲ ಅಂಗಡಿಯಲ್ಲಿ ಮಾದರಿಯ ತುಂಡು ಕೇಳಿದಾಗ ಒಳಗೆ ಏನೂ ಇರಲಿಲ್ಲ, "ನಿಮ್ಮ ಅಳತೆಗೆ ಅದು ಬೇಕಾಗುವುದಿಲ್ಲ ಮೇಡಂ" ಎಂದರು. ಎರಡನೆಯ ಕಡೆ, ನಾವು ಕೊನೆಗೆ ಆರಿಸಿಕೊಂಡ ಘಟಕದಲ್ಲಿ, ನಾನು ಕೇಳುವ ಮೊದಲೇ ಕತ್ತರಿಸಿದ ತುಂಡನ್ನು ಮೇಜಿನ ಮೇಲಿಟ್ಟರು. ನನ್ನ ತೀರ್ಮಾನ ಅಲ್ಲೇ ಆಯಿತು.

ಜಾರುವ ಕಿಟಕಿಯೋ, ತೆರೆಯುವ ಬಾಗಿಲಿನದೋ ಎಂಬ ಪ್ರಶ್ನೆಯಲ್ಲಿ ನಾನು ಹಟ ಹಿಡಿದೆ. ಮಂಗಳೂರಿನ ಬಿಜೈಯಲ್ಲಿ ನನ್ನ ತಂಗಿಯ ಫ್ಲ್ಯಾಟ್ ಏಳನೆಯ ಮಹಡಿಯಲ್ಲಿದೆ, ಎಲ್ಲವೂ ಜಾರುವ ಕಿಟಕಿಗಳು. ಜುಲೈ ತಿಂಗಳಿಡೀ ಅವಳು ಹಳೆಯ ಬೈರಾಸುಗಳನ್ನು ಹಳಿಯ ಉದ್ದಕ್ಕೂ ತುರುಕಿ, ದಿನಕ್ಕೆ ಎರಡು ಸಲ ಹಿಂಡುತ್ತಾಳೆ. ಜಾರಬೇಕಾದರೆ ಎರಡು ಪಲಕಗಳ ನಡುವೆ ಸಡಿಲ ಇರಲೇಬೇಕು; ಅಲ್ಲಿ ಬ್ರಷ್ಷಿನ ಎಳೆಗಳಷ್ಟೇ ಅಡ್ಡ. ತೆರೆಯುವ ಬಾಗಿಲಾದರೆ ಹಿಡಿ ತಿರುಗಿಸಿದಾಗ ಎರಡು ಮೂರು ಕಡೆ ಕೊಂಡಿ ಬಿದ್ದು, ಸುತ್ತಲಿನ ರಬ್ಬರ್ ಪಟ್ಟಿ ಒತ್ತಿ ಕೂರುತ್ತದೆ. ಪಡು ಗೋಡೆಗೆ ಜಾರುವ ಕಿಟಕಿ ಹಾಕಿಸಬೇಡಿ ಎಂದು ನನ್ನನ್ನು ಕೇಳಿದ ಎಲ್ಲರಿಗೂ ಹೇಳುತ್ತಿದ್ದೇನೆ.

ಬೆಲೆಯ ವಿವರ ಇಲ್ಲಿದೆ. ನಾಲ್ಕು ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಐದು ಕಿಟಕಿಗೆ 90 ಚದರ ಅಡಿ. ಚದರ ಅಡಿಗೆ 820 ರೂಪಾಯಿಯಂತೆ 73,800, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 87,084 ರೂಪಾಯಿ. ಗಾಜು 5 ಮಿಲಿಮೀಟರಿನ ಗಟ್ಟಿಗೊಳಿಸಿದ್ದು. ಒಳಬದಿಯ ನುಸಿ ಬಲೆಗೆ ಪ್ರತ್ಯೇಕವಾಗಿ ಒಟ್ಟು 7,500. ಹಳೆಯ ದಾರಂದ ತೆಗೆದು ಗೋಡೆ ಸರಿಪಡಿಸಲು ಮೇಸ್ತ್ರಿ, ಸಹಾಯಕ, ಸಿಮೆಂಟು, ಹಾಸುಕಲ್ಲು ಎಲ್ಲ ಸೇರಿ 16,500. ಎಲ್ಲ ಕೂಡಿದರೆ 1,11,084 ರೂಪಾಯಿ. ಈ ಕೊನೆಯ 16,500ನ್ನು ಯಾವ ಅಂಗಡಿಯವರೂ ಮೊದಲೇ ಹೇಳುವುದಿಲ್ಲ, ಅದು ಅವರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ನಮ್ಮ ಕಿಟಕಿಗಳು ಸೋರಿದ್ದು, ಸೋರದೆ ಉಳಿದದ್ದು, ಎರಡೂ ಆ ಭಾಗದ ಕೆಲಸದಿಂದಲೇ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಘಟಕದವರ ಮೊದಲ ಸಲಹೆ, ಹಳೆಯ ದಾರಂದವನ್ನು ಹಾಗೆಯೇ ಬಿಟ್ಟು ಅದರೊಳಗೆ ಹೊಸ ಚೌಕಟ್ಟು ಕೂರಿಸೋಣ ಎಂಬುದಾಗಿತ್ತು. ಅರ್ಧ ದಿನದ ಕೆಲಸ, ಗೋಡೆಗೆ ಪೆಟ್ಟಿಲ್ಲ. ಆಚಾರಿಯವರು ಒಪ್ಪಲಿಲ್ಲ. ಕುಂಬಾದ ಮರ ಒಳಗೆ ಉಳಿದರೆ ಅದು ಒದ್ದೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೆ ಬಿಗಿದ ಸ್ಕ್ರೂ ನಿಲ್ಲುವುದಿಲ್ಲ, ಬೆಳಕೂ ಸುತ್ತಲೂ ಮೂರು ಮೂರು ಇಂಚು ಕಡಿಮೆಯಾಗುತ್ತದೆ. ಹಾಗಾಗಿ ಎಲ್ಲವನ್ನೂ ಕಿತ್ತೆವು. ಎರಡು ದಾರಂದಗಳು ಕಿತ್ತ ಕೂಡಲೇ ಕೈಯಲ್ಲೇ ಮುರಿದವು.

ಕೆಂಪು ಕಲ್ಲಿನ ಗೋಡೆಯಲ್ಲಿ ಇನ್ನೊಂದು ತೊಡಕಿದೆ. ಕಲ್ಲು ಮೆದು, ತೂತು ತೂತು. ಡ್ರಿಲ್ ಹಾಕಿದರೆ ಅಂಚು ಉದುರಿ, ಚೌಕಟ್ಟನ್ನು ಗೋಡೆಗೆ ಬಿಗಿಯುವ ಫಾಸ್ಟನರ್ ತಿರುಗುತ್ತದೆ. ನಮ್ಮ ಮೇಸ್ತ್ರಿ ಪ್ರತಿ ಕಿಟಕಿಗೆ ಆರು ಕಡೆ ಕಲ್ಲನ್ನು ಕಡಿದು, ಆ ಕುಳಿಗಳಿಗೆ ಕಾಂಕ್ರೀಟ್ ತುಂಬಿ, ಒಂದು ವಾರ ನೀರುಣಿಸಿದ ಮೇಲೆ ಅಲ್ಲಿಗೇ ಫಾಸ್ಟನರ್ ಬೀಳುವಂತೆ ಗುರುತು ಹಾಕಿಕೊಟ್ಟರು. ಆಮೇಲೆ ಕಿಟಕಿಯ ಕೆಳಗಿನ ಹಾಸುಕಲ್ಲು. ಹಳೆಯದು ಮಟ್ಟಸವಾಗಿ ಒಳಗಿನಿಂದ ಹೊರಗಿನವರೆಗೂ ಒಂದೇ ಕಲ್ಲಾಗಿತ್ತು. ಅದನ್ನು ತೆಗೆದು, ಚೌಕಟ್ಟು ಕೂರುವ ಜಾಗವನ್ನು ಅರ್ಧ ಇಂಚು ಎತ್ತರಿಸಿ, ಹೊರಗಿನ ಕಲ್ಲನ್ನು ಹೊರಕ್ಕೆ ಇಳಿಜಾರಾಗಿಸಿ, ಅದರ ತುದಿಯ ಅಡಿಯಲ್ಲಿ ಒಂದು ಗೀರು ಕೊರೆದರು. ಆ ಗೀರು ಇಲ್ಲದಿದ್ದರೆ ನೀರು ಕಲ್ಲಿನ ಅಡಿಗೇ ಅಂಟಿಕೊಂಡು ಗೋಡೆಗೆ ವಾಪಸಾಗುತ್ತದೆ. ಗೀರು ಇದ್ದರೆ ಅಲ್ಲೇ ಹನಿಯಾಗಿ ಕಳಚಿ ಬೀಳುತ್ತದೆ.

ಮೂರು ಕಿಟಕಿಗಳಿಗೆ ಹೀಗೆ ಮಾಡಿದರು. ಉಳಿದ ಎರಡಕ್ಕೆ ಹಾಸುಕಲ್ಲು ಬದಲಿಸುವ ಮೊದಲು ಮೇಸ್ತ್ರಿಯ ಮನೆಯಲ್ಲಿ ಮದುವೆ ಬಂತು. ಅದೇ ದಿನ ಘಟಕದ ವಾಹನ ಬಂದು ನಿಂತಿತು. ಮಳೆಗಾಲ ಹತ್ತಿರವಾಯಿತೆಂದು ತುಳುವರು ಎಣಿಸುವ ಪತ್ತನಾಜೆಯ ದಿನಕ್ಕೆ ನಾಲ್ಕೇ ದಿನ ಉಳಿದಿತ್ತು, ಮೋಡ ಕಟ್ಟಲು ಶುರುವಾಗಿತ್ತು. ಹುಡುಗರು ಐದೂ ಕಿಟಕಿಗಳನ್ನು ಕೂರಿಸಿಬಿಟ್ಟರು, ಕೊನೆಯ ಎರಡನ್ನು ಹಳೆಯ ಮಟ್ಟಸ ಕಲ್ಲಿನ ಮೇಲೆಯೇ. ನಾನು ಅವಸರಕ್ಕೆ ಒಪ್ಪಿದೆ. ಬಾಕಿ ಹಣ ಕೊಡುವ ಮೊದಲು ತೋಟದ ಪೈಪು ಹಿಡಿದು ಪ್ರತಿ ಕಿಟಕಿಗೂ ಕಾಲು ಗಂಟೆ ನೀರು ಹಾಯಿಸಿದೆ. ಒಂದು ಹನಿಯೂ ಒಳಗೆ ಬರಲಿಲ್ಲ. ಪೂರ್ತಿ ಹಣ ಕೊಟ್ಟೆ.

ಜೂನ್ ಎರಡನೆಯ ವಾರ, ಗಾಳಿ ಜೋರಾದ ಮೊದಲ ರಾತ್ರಿ, ಆ ಎರಡು ಕಿಟಕಿಗಳ ಕೆಳಗೆ ನೀರು ಹರಿದು ಅತ್ತೆಯ ಮಂಚದ ಕಾಲಿನವರೆಗೆ ಬಂದಿತ್ತು. ಉಳಿದ ಮೂರು ಒಣಗಿಯೇ ಇದ್ದವು. ಅದೇ ಪ್ರೊಫೈಲು, ಅದೇ ಗಾಜು, ಅದೇ ಹುಡುಗರು, ಅದೇ ಗೋಡೆ. ವ್ಯತ್ಯಾಸ ಇದ್ದದ್ದು ಕೆಳಗಿನ ಕಲ್ಲಿನಲ್ಲಿ ಮಾತ್ರ. ನಾನು ಪೈಪಿನಿಂದ ಗಾಜಿಗೆ ನೀರು ಹಾಯಿಸಿದ್ದೆ; ಮಳೆ ಬಂದು ಹೊಡೆದದ್ದು ಕೆಳಗಿನ ಸಂದಿಗೆ, ಅದೂ ಗಾಳಿಯ ಒತ್ತಡದೊಂದಿಗೆ. ಪರೀಕ್ಷೆ ಮಾಡುವವರು ಕೆಳಗಿನ ಎರಡು ಮೂಲೆಗಳಿಗೇ ಪೈಪು ಹಿಡಿಯಿರಿ, ಹತ್ತರಲ್ಲಿ ಒಂದು ಪಾಲು ಹಣವನ್ನಾದರೂ ಒಂದು ಮಳೆ ಕಳೆಯುವವರೆಗೆ ಇಟ್ಟುಕೊಳ್ಳಿ.

ಫೋನು ಮಾಡಿದ ಮೂರನೆಯ ದಿನ ಘಟಕದಿಂದ ಇಬ್ಬರು ಬಂದರು. ಒದ್ದೆ ಗೋಡೆಯನ್ನು ಬಟ್ಟೆಯಲ್ಲಿ ಒರೆಸಿ, ಸಂದಿ ಮುಚ್ಚಲು ಬಳಿದಿದ್ದ ಹಳೆಯ ಸಿಲಿಕೋನ್ ಅಂಟಿನ ಮೇಲೆ ಇನ್ನೊಂದು ಸುತ್ತು ಸಿಲಿಕೋನ್ ಬಳಿದು ಹೋದರು. ಒದ್ದೆಗೆ, ಧೂಳಿಗೆ ಅದು ಹಿಡಿಯುವುದಿಲ್ಲ ಎಂದು ನಾನು ಹೇಳಿದ್ದನ್ನು ಅವರು ಕೇಳಲಿಲ್ಲ. ನಾಲ್ಕೇ ದಿನಕ್ಕೆ ಉಗುರಿನಿಂದ ಎಳೆದರೆ ದಾರದಂತೆ ಬಂತು. ಆಗ ನನಗೆ ನಿಜಕ್ಕೂ ಸಿಟ್ಟು ಬಂತು, ಫೋನಿನಲ್ಲಿ ಗಟ್ಟಿಯಾಗಿಯೇ ಮಾತಾಡಿದೆ.

ಮರುದಿನ ಮಾಲೀಕರೇ ಬಂದರು. ಮಳೆಯಲ್ಲಿ ಟಾರ್ಚು ಹಿಡಿದು ಹೊರಗೆ ಅರ್ಧ ಗಂಟೆ ನಿಂತು ನೋಡಿದರು. ಒಳಗೆ ಬಂದು, "ಅಕ್ಕ, ತಪ್ಪು ನಮ್ಮದೇ. ಕಲ್ಲು ನೋಡದೆ ಕೂರಿಸಬಾರದಿತ್ತು. ಮಳೆ ಬಿಟ್ಟ ದಿನ ಎರಡನ್ನೂ ತೆಗೆದು ಪುನಃ ಕೂರಿಸುತ್ತೇನೆ, ನೀವು ಏನೂ ಕೊಡುವುದು ಬೇಡ" ಎಂದರು. ಜುಲೈ ಕೊನೆಯಲ್ಲಿ ಐದು ದಿನ ಬಿಸಿಲು ಕಾಣಿಸಿಕೊಂಡಾಗ ಹೇಳಿದಂತೆಯೇ ಮಾಡಿದರು. ಮೇಸ್ತ್ರಿಯ ಕೂಲಿಯನ್ನು ನಾವು ಅರ್ಧರ್ಧ ಹಂಚಿಕೊಂಡೆವು, ಅವಸರಕ್ಕೆ ಒಪ್ಪಿದ್ದು ನಾನೂ ಹೌದಲ್ಲ. ಅಲ್ಲಿಂದ ಈಚೆಗೆ, ಆಟಿಯ ಉಳಿದ ಮಳೆಯಲ್ಲೂ ಅದರ ಮುಂದಿನ ಸೋಣ ತಿಂಗಳ ಮಳೆಯಲ್ಲೂ, ಐದೂ ಕಿಟಕಿಗಳಲ್ಲಿ ಒಂದು ಹನಿ ನೀರು ಕಂಡಿಲ್ಲ. ಈ ಘಟಕವನ್ನು ಇತರರಿಗೆ ಹೇಳುತ್ತೀರಾ ಎಂದು ಯಾರಾದರೂ ಕೇಳಿದರೆ, ಆ ಮಾಲೀಕರು ಮಳೆಯಲ್ಲಿ ನಿಂತ ಆ ಅರ್ಧ ಗಂಟೆಯನ್ನು ನೆನೆದು ಹೌದು ಎನ್ನುತ್ತೇನೆ. ಆದರೆ ಅವರ ಹುಡುಗರು ಬಂದ ದಿನ ನಿಮ್ಮ ಮೇಸ್ತ್ರಿ ಪಕ್ಕದಲ್ಲಿರಲಿ.

ಇನ್ನು ಕೆಲವು ಕೊರತೆಗಳು. ಬಾಗಿಲನ್ನು ಹಿಡಿದು ನಿಲ್ಲಿಸುವ ಸ್ಟೇನ್‌ಲೆಸ್ ಸ್ಟೀಲಿನ ತೋಳುಗಳಲ್ಲಿ ಸೆಪ್ಟೆಂಬರ್ ಹೊತ್ತಿಗೆ ಚಹಾದ ಕಲೆಯಂಥ ಚುಕ್ಕೆಗಳು ಮೂಡಿದವು. ಅವು 304 ದರ್ಜೆಯವು. ಕಡಲ ಬದಿಗೆ ಮಾಲಿಬ್ಡಿನಂ ಸೇರಿದ 316 ದರ್ಜೆ ಬೇಕು, ಅದು ಉಪ್ಪಿನ ಕ್ಲೋರೈಡನ್ನು ಹೆಚ್ಚು ತಡೆಯುತ್ತದೆ. ನಾನು ಮೊದಲೇ ಕೇಳಿ ಬರೆಸಿಕೊಳ್ಳಬೇಕಿತ್ತು. ಈಗ ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ಒರೆಸುತ್ತಿದ್ದೇನೆ, ಕಲೆ ಹೋಗುತ್ತದೆ. ಹಿಡಿಯ ಸ್ಕ್ರೂಗಳು ಮಾತ್ರ ಬರಿಯ ಸತು ಲೇಪನದವು, ಮೂರು ತಿಂಗಳಲ್ಲೇ ತುಕ್ಕು ಹಿಡಿದವು. ಕೇಳಿದ ಮೇಲೆ ಬದಲಿಸಿಕೊಟ್ಟರು. ಚೌಕಟ್ಟಿನ ಕೆಳಪಟ್ಟಿಯಲ್ಲಿ ಹೊರಕ್ಕೆ ನೀರು ಹೋಗುವ ಸಣ್ಣ ಸೀಳುಗಳಿವೆ. ಮರಳು, ತೆಂಗಿನ ಹೂವಿನ ಹುಡಿ ಕೂತು ಅವು ಕಟ್ಟಿಕೊಳ್ಳುತ್ತವೆ. ಹಿಡಿಸೂಡಿಯ ಒಂದು ಕಡ್ಡಿ ಸಾಕು, ಹದಿನೈದು ದಿನಕ್ಕೊಮ್ಮೆ ಆಡಿಸಿದರೆ ಆಯಿತು.

ನನಗೆ ನಿಜವಾಗಿ ಕಷ್ಟವೆನಿಸಿದ್ದು ಗಾಳಿಯ ವಿಷಯ. ಹಳೆಯ ಕಿಟಕಿಗಳ ಬಾಗಿಲು ಮೇಲೆ ಕೆಳಗೆ ಬೇರೆ ಬೇರೆ ಇತ್ತು. ಮಳೆ ಬರುವಾಗ ಕೆಳಗಿನದನ್ನು ಮುಚ್ಚಿ ಮೇಲಿನ ಅರ್ಧವನ್ನು ತೆರೆದಿಡಬಹುದಿತ್ತು. ಹೊಸದರಲ್ಲಿ ಆ ಅನುಕೂಲ ಇಲ್ಲ. ಮುಚ್ಚಿದರೆ ಪೂರ್ತಿ ಮುಚ್ಚಿತು. ಜುಲೈಯಲ್ಲಿ ಎಂಟು ದಿನ ಬಿಡದೆ ಮಳೆ ಹೊಡೆದಾಗ ಕೋಣೆಯಲ್ಲಿ ಮುಗ್ಗು ವಾಸನೆ ಎದ್ದು, ಕಪಾಟಿನ ಹಿಂದಿನ ಗೋಡೆಗೆ ಬೂಸ್ಟು ಬಂತು. ಹಳೆಯ ಕಿಟಕಿಯ ಸಂದುಗಳಲ್ಲಿ ನೀರು ಬರುತ್ತಿದ್ದ ಹಾಗೆ ಗಾಳಿಯೂ ಬಂದು ಹೋಗುತ್ತಿತ್ತು ಎಂಬುದು ಅದು ನಿಂತ ಮೇಲೆ ಗೊತ್ತಾಯಿತು. ಸನ್‌ಶೇಡಿನ ಅಡಿಗೆ, ಕಿಟಕಿಯ ಮೇಲ್ಭಾಗಕ್ಕೆ ಗಾಳಿಯಾಡಲು ಒಂದು ಅಡಿಯ ದಳಿ ಕೊಡುವಂತೆ ಮೊದಲೇ ಹೇಳಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ತಾರಸಿ ಕೋಣೆಗೆ ಕಿಟಕಿ ಬದಲಿಸುವವರು ಇದನ್ನು ದಯವಿಟ್ಟು ಮರೆಯಬೇಡಿ. ಹೆಂಚಿನ ಮಾಡಿನ ಕೋಣೆಯಲ್ಲಿ ಹೆಂಚಿನ ಸಂದಿಯಲ್ಲೇ ಗಾಳಿ ಆಡುತ್ತದೆ.

ಎಂಬತ್ತನಾಲ್ಕು ವರ್ಷದ ಅತ್ತೆಗೆ ಬೇರೆಯೇ ದುಃಖ. ಮೊದಲು ಮಲಗಿದಲ್ಲೇ ಕಡಲ ಮೊರೆತ ಕೇಳುತ್ತಿತ್ತು. ಮೊರೆತ ಯಾವ ದಿಕ್ಕಿನಿಂದ, ಎಷ್ಟು ಗಟ್ಟಿ ಎಂಬುದರ ಮೇಲೆ ನಾಳೆಯ ಮಳೆಯನ್ನು ಹೇಳುವುದು ಅವರ ಅಭ್ಯಾಸ. ಹೊಸ ಕಿಟಕಿ ಮುಚ್ಚಿದ ಮೊದಲ ರಾತ್ರಿ, "ಕಡಲು ಎಲ್ಲಿ ಹೋಯಿತು ಮಗಾ?" ಎಂದು ಕೇಳಿದ್ದರು. ಈಗ ಮಳೆ ಇಲ್ಲದ ರಾತ್ರಿಗಳಲ್ಲಿ ಅವರ ತಲೆಯ ಬದಿಯ ಬಾಗಿಲನ್ನು ಒಂದು ಗೇಣು ತೆರೆದು, ನುಸಿ ಬಲೆ ಮುಚ್ಚಿ ಇಡುತ್ತೇನೆ.

ಮೂಡಿನ ಮೂರು ಕಿಟಕಿಗಳನ್ನು ಬದಲಿಸಲಿಲ್ಲ. ಒಟ್ಟಿಗೆ ಎಂಟೂ ಮಾಡಿಸಿದರೆ ದರ ಇಳಿಸುತ್ತೇವೆ ಎಂದು ಘಟಕದವರು ಹೇಳಿದ್ದರು. ಆಚಾರಿಯವರು ಐದು ದಿನ ಕೂತು, ಒಂದರಲ್ಲಿ ಕೆಟ್ಟಿದ್ದ ಕೆಳಗಿನ ಅಡ್ಡಪಟ್ಟಿಯನ್ನಷ್ಟೇ ಕತ್ತರಿಸಿ ಹೊಸ ಬೋಗಿಯ ತುಂಡು ಕೂಡಿಸಿದರು, ಬಿಜಾಗರಿಗಳನ್ನು ಹಿತ್ತಾಳೆಯವಕ್ಕೆ ಬದಲಿಸಿದರು, ಗೋಡೆಗೆ ತಾಗುವ ಬದಿಗೆ ಗೇರೆಣ್ಣೆ ಬಳಿದರು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಎಣ್ಣೆ ಚರ್ಮಕ್ಕೆ ತಾಗಿದರೆ ಸುಡುತ್ತದೆ, ಗೆದ್ದಲು ಅದರ ಹತ್ತಿರ ಸುಳಿಯುವುದಿಲ್ಲ. ಕೂಲಿ 6,500, ಸಾಮಾನು 4,200. ಮೂರು ಹೊಸ ಕಿಟಕಿಗೆ ಕೊಡಬೇಕಾಗಿದ್ದ ಹಣದ ಐದರಲ್ಲಿ ಒಂದು ಪಾಲು. ಕೂಡಿಸಿದ ಜಾಗವನ್ನು ಬೆರಳಿನಿಂದ ಸವರಿದರೂ ತಿಳಿಯುವುದಿಲ್ಲ. ಅವರ ಮಗ ಈ ಕಸುಬಿಗೆ ಬಂದಿಲ್ಲ.

ಬರುವ ಬೇಸಗೆಯಲ್ಲಿ ಪಡು ಗೋಡೆಗೆ ಮೂರು ಅಡಿಯ ಹೆಂಚಿನ ಇಳಿಮಾಡನ್ನು ಪುನಃ ಕಟ್ಟಿಸಬೇಕೆಂದಿದ್ದೇನೆ. 1991ರಲ್ಲಿ ಇಳಿಸಿದ ಹೆಂಚುಗಳು ದನದ ಕೊಟ್ಟಿಗೆಯ ಹಿಂದೆ ಅಡುಕಿಟ್ಟ ಹಾಗೆಯೇ ಇವೆ. ಕಳೆದ ವಾರ ಆಚಾರಿಯವರು ಬಂದು ಎಣಿಸಿದರು. ಒಡೆದವು ಬಿಟ್ಟು ಮುನ್ನೂರ ಎಂಬತ್ತು ಇವೆ, ಸಾಕಾಗುತ್ತದೆ ಎಂದರು.